ಬಿಳಿ ಮುಖವಾಡದ ಹಳೆಯ ಪೋಸ್ಟ್‌ಕಾರ್ಡು

ಪ್ರಶ್ನೆ: ಹಡಗಿನಲ್ಲಿ ಕೆಲಸಕ್ಕಿದ್ದ ನಮ್ಮ ದೊಡ್ಡಪ್ಪನವರ ಪೆಟ್ಟಿಗೆಯಲ್ಲಿ ಗ್ರೀಸ್ ದೇಶದ ಎರಡು ಫೋಟೊ ಪೋಸ್ಟ್‌ಕಾರ್ಡ್‌ಗಳು ಸಿಕ್ಕಿವೆ. ಒಂದರಲ್ಲಿ ಬಿಳಿ ಮುಖವಾಡ ತೊಟ್ಟು, ನೆರಿಗೆಯ ಲಂಗ ಉಟ್ಟು, ಎದೆಯ ತುಂಬ ನಾಣ್ಯ ಧರಿಸಿದ ಗಂಡಸಿದ್ದಾನೆ. ಅದರಲ್ಲಿ ‘ನೌಸಾ’ ಎಂಬ ಹೆಸರಿದೆ. ಇನ್ನೊಂದರಲ್ಲಿ ಮುಖಕ್ಕೆ ಮೇಕೆಯ ಚರ್ಮ, ಸೊಂಟಕ್ಕೆ ಗಂಟೆಗಳನ್ನು ಕಟ್ಟಿಕೊಂಡವನಿದ್ದಾನೆ. ಇವು ನಾಟಕದ ವೇಷಗಳೇ? ಎಷ್ಟು ಹಳೆಯವು?
– ಓದುಗರೊಬ್ಬರು, ಕಾರವಾರ

ಉತ್ತರ: ನಾಟಕದವಲ್ಲ, ಹಬ್ಬದ ವೇಷಗಳು. ಈಸ್ಟರ್‌ಗೆ ಮುಂಚಿನ ದೀರ್ಘ ಉಪವಾಸ ಆರಂಭವಾಗುವುದಕ್ಕೆ ಮೊದಲಿನ ಮೂರು ವಾರಗಳನ್ನು ಗ್ರೀಕರು ‘ಅಪೋಕ್ರಿಯೆಸ್’ ಎನ್ನುತ್ತಾರೆ. ಮಾಂಸವನ್ನು ಬಿಡುವುದು ಎಂಬುದು ಆ ಪದದ ಅರ್ಥ. ನಿಮ್ಮ ಮೊದಲ ಕಾರ್ಡಿನಲ್ಲಿರುವವನು ಮ್ಯಾಸಿಡೋನಿಯಾ ಪ್ರಾಂತ್ಯದ ನೌಸಾ ಪಟ್ಟಣದ ‘ಯೆನಿತ್ಸಾರೋಸ್’. ಅವನ ಜೊತೆಗೆ ‘ಬೂಲಾ’ ಎಂಬ ವಧುವಿನ ಸ್ತ್ರೀವೇಷವೂ ಇರುತ್ತದೆ, ಅದನ್ನು ಹಾಕುವವನೂ ಗಂಡಸೇ. ಮೇಳದವರು ಒಬ್ಬೊಬ್ಬ ವೇಷಧಾರಿಯನ್ನು ಅವನವನ ಮನೆಯಿಂದಲೇ ವಾದ್ಯದೊಂದಿಗೆ ಕರೆದುಕೊಂಡು ಹೊರಡುತ್ತಾರೆ. ಅವನು ಮೈ ಕುಲುಕಿದಾಗಲೆಲ್ಲ ಎದೆಯ ಬೆಳ್ಳಿ ನಾಣ್ಯಗಳು ಝಲ್ಲೆನ್ನುತ್ತವೆ. ಭಾವಚಿತ್ರದಲ್ಲಿ ಆ ಸದ್ದು ಕೇಳಿಸದಿದ್ದರೂ, ಒತ್ತೊತ್ತಾಗಿ ಹೊಲಿದ ನಾಣ್ಯಗಳ ಸಾಲನ್ನು ಭೂತಗನ್ನಡಿಯಲ್ಲಿ ಒಮ್ಮೆ ನಿಧಾನವಾಗಿ ನೋಡಿ, ಆ ವೇಷದ ಹಿಂದಿನ ಶ್ರಮ ತಿಳಿಯುತ್ತದೆ.

ಎರಡನೆಯದು, ನಿಮ್ಮ ವಿವರಣೆಯಂತೆ, ಸ್ಕೀರೋಸ್ ದ್ವೀಪದ ‘ಯೆರೋಸ್’, ಅಂದರೆ ಮುದುಕ. ಕುರುಬರ ಕರಿಯ ಕಂಬಳಿಯಂಗಿಯ ಮೇಲೆ, ಮಂದೆಯ ಕೊರಳಿಗೆ ಕಟ್ಟುವ ಹತ್ತಾರು ಗಂಟೆಗಳನ್ನು ಸೊಂಟಕ್ಕೆ ಬಿಗಿದುಕೊಂಡು ಬೀದಿಗಳಲ್ಲಿ ಕುಲುಕುತ್ತ ನಡೆಯುವುದು ಅವನ ಪಾತ್ರ.

ಕಾಲ ತಿಳಿಯಲು ಕಾರ್ಡನ್ನು ಹಿಂದೆ ತಿರುಗಿಸಿ. ಮೊದಲು ಆ ಬದಿ ವಿಳಾಸಕ್ಕಷ್ಟೇ ಮೀಸಲಿತ್ತು. ನಡುವೆ ಗೆರೆ ಎಳೆದು ಒಂದು ಪಾಲನ್ನು ಒಕ್ಕಣೆಗೆ ಬಿಡುವ ಪದ್ಧತಿ ಬ್ರಿಟನ್ನಿನಲ್ಲಿ 1902ರಲ್ಲಿ ಬಂದು, ಮುಂದಿನ ಕೆಲವೇ ವರ್ಷಗಳಲ್ಲಿ ಬೇರೆ ದೇಶಗಳಿಗೂ ಹರಡಿತು. ನೌಸಾ 1912ರವರೆಗೆ ಆಟೊಮನ್ ಆಳ್ವಿಕೆಯಲ್ಲಿದ್ದುದರಿಂದ, ಅಲ್ಲಿಂದ ರವಾನೆಯಾದ ಕಾರ್ಡಿನ ಮೇಲೆ ಗ್ರೀಕ್ ಅಂಚೆಚೀಟಿ ಇದ್ದರೆ ಅದು ಆ ವರ್ಷಕ್ಕಿಂತ ಈಚಿನದೆಂದು ತಿಳಿಯಬಹುದು. ಮುದ್ರೆಯ ತಾರೀಖನ್ನು ಓದುವಾಗಲೂ ಎಚ್ಚರ ಬೇಕು: 1923ರ ಫೆಬ್ರವರಿಯವರೆಗೆ ಗ್ರೀಸ್ ಹಳೆಯ ಜೂಲಿಯನ್ ಪಂಚಾಂಗವನ್ನೇ ಅನುಸರಿಸುತ್ತಿತ್ತು, 20ನೇ ಶತಮಾನದಲ್ಲಿ ಅದು ನಮ್ಮ ಲೆಕ್ಕಕ್ಕಿಂತ 13 ದಿನ ಹಿಂದಿತ್ತು. ಆದರೆ ಇವೆಲ್ಲ ಕಾರ್ಡು ರವಾನೆಯಾದ ಕಾಲವನ್ನು ಹೇಳುತ್ತವೆಯೇ ಹೊರತು ಚಿತ್ರ ತೆಗೆದ ಕಾಲವನ್ನಲ್ಲ, ಏಕೆಂದರೆ ಹಳೆಯ ನೆಗೆಟಿವ್‌ನಿಂದ ಎಷ್ಟೋ ವರ್ಷಗಳ ನಂತರವೂ ಕಾರ್ಡು ತೆಗೆಯಬಹುದಿತ್ತು.

ಅದು ನಿಜವಾದ ಫೋಟೊವೇ ಅಚ್ಚಾದ ಚಿತ್ರವೇ ಎಂಬುದನ್ನೂ ಅದೇ ಭೂತಗನ್ನಡಿ ಹೇಳುತ್ತದೆ: ಅಚ್ಚಿನದಾದರೆ ಸಾಮಾನ್ಯವಾಗಿ ಸಣ್ಣ ಸಣ್ಣ ಚುಕ್ಕಿಗಳು ಕಾಣುತ್ತವೆ, ಫೋಟೊ ಆದರೆ ಕಪ್ಪುಬಿಳುಪು ಒಂದೇ ಸಮನೆ ಇಳಿದಿರುತ್ತದೆ, ಓರೆಯಾಗಿ ಹಿಡಿದಾಗ ಕಪ್ಪು ಭಾಗಗಳ ಅಂಚಿನಲ್ಲಿ ಕೆಲವೊಮ್ಮೆ ಬೆಳ್ಳಿಯ ಹೊಳಪು ಮೂಡಿರುತ್ತದೆ.

ಅಂಚೆಚೀಟಿ ಸಂಗ್ರಹಿಸುವವರು ಕೇಳಿದರೂ, ದಯವಿಟ್ಟು ಅದನ್ನು ನೆನೆಸಿ ಬಿಡಿಸಿ ಕೊಡಬೇಡಿ. ಚೀಟಿ, ಮುದ್ರೆ, ಒಕ್ಕಣೆ, ಚಿತ್ರ ಒಂದೇ ಕಾರ್ಡಿನಲ್ಲಿ ಉಳಿದಾಗಲೇ ಆ ವೇಷಧಾರಿಯ ಊರು ಮತ್ತು ಕಾಲವನ್ನು ಹುಡುಕಲು ಸಾಧ್ಯ.