ಓದುಗರ ಪ್ರಶ್ನೆ: ತೆರೆಯ ಮೇಲೆ ಬಾಗುವ ಬಿದಿರು, ನೆಲದ ಮೇಲೆ ಬಾಗುವ ಬಿದಿರು

ಈ ಬಾರಿ ಕೈಸೇರಿದ ಪತ್ರಗಳಲ್ಲಿ ನಾಲ್ಕು ಒಂದೇ ವಿಷಯಕ್ಕೆ ಸಂಬಂಧಿಸಿದವು. ಬಾಗುವ ವಸ್ತುಗಳನ್ನು ಕಂಪ್ಯೂಟರಿನಲ್ಲಿ ಬಗ್ಗಿಸಿ ನೋಡುವುದು ಹೇಗೆ, ಹಾಗೆ ನೋಡಿದ್ದನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬುದು ಎಲ್ಲರ ಪ್ರಶ್ನೆ. ಆದ್ದರಿಂದ ಇಡೀ ಅಂಕಣವನ್ನು ಅದಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ನಾನು ವಾಸ್ತುಶಿಲ್ಪ ವಿದ್ಯಾರ್ಥಿನಿ. ಕಾಲೇಜಿನ ಅಂಗಳದಲ್ಲಿ ಬಿದಿರಿನ ದಬ್ಬೆಗಳನ್ನು ಬಗ್ಗಿಸಿ ಕಮಾನಿನಾಕಾರದ ಚಪ್ಪರ ಕಟ್ಟಬೇಕೆಂದಿದ್ದೇವೆ. ದಬ್ಬೆ 4 ಮೀಟರ್ ಉದ್ದ, 25 ಮಿ.ಮೀ. ಅಗಲ, 6 ಮಿ.ಮೀ. ದಪ್ಪ ಇದೆ. ರೈನೊ ಎಂಬ ನಕ್ಷೆ ಬರೆಯುವ ತಂತ್ರಾಂಶದಲ್ಲಿ ‘ಬೆಂಡ್’ ಆಜ್ಞೆ ಕೊಟ್ಟು ಕಮಾನು ಬರೆದೆವು. ಆದರೆ ನಿಜವಾದ ದಬ್ಬೆ ಚಿತ್ರದಂತೆ ಬಾಗಲಿಲ್ಲ. ನೆತ್ತಿಯಲ್ಲಿ ಹೆಚ್ಚು ಬಾಗಿ ಗಿಣ್ಣಿನ ಹತ್ತಿರ ಸೀಳಿತು. ಎಲ್ಲಿ ತಪ್ಪಿದೆವು? (ಮೈಸೂರು)

ಉತ್ತರ: ‘ಬೆಂಡ್’ ಆಜ್ಞೆಗೆ ನೀವು ಬಗ್ಗಿಸುತ್ತಿರುವುದು ಬಿದಿರೋ, ಕಬ್ಬಿಣವೋ, ಜೇಡಿಮಣ್ಣೋ ಗೊತ್ತಿಲ್ಲ. ಅದು ಆಕೃತಿಯನ್ನು ವೃತ್ತದ ಒಂದು ಭಾಗವಾಗಿ ತಿರುಗಿಸಿ ಕೊಡುತ್ತದೆ, ಅಷ್ಟೇ. ವೃತ್ತವೆಂದರೆ ಎಲ್ಲ ಕಡೆಯೂ ಒಂದೇ ವಕ್ರತೆ. ದಬ್ಬೆಯೊಂದು ಹಾಗೆ ಬಾಗಬೇಕಾದರೆ ಅದರ ಎರಡೂ ತುದಿಗಳನ್ನು ಬಲವಾಗಿ ಹಿಡಿದು ಬಾಗಿನ ದಿಕ್ಕಿಗೆ ತಿರುಗಿಸಿಕೊಂಡೇ ಇರಬೇಕು. ನಿಮ್ಮ ದಬ್ಬೆಯ ಕಾಲುಗಳನ್ನು ಗುಳಿಯಲ್ಲಿ ಸುಮ್ಮನೆ ಊರಿದ್ದೀರಿ ಎಂದು ಭಾವಿಸುತ್ತೇನೆ. ಹಾಗೆ ಊರಿದ ಕಾಲು ತನ್ನಿಷ್ಟದಂತೆ ಹೊರಳಬಲ್ಲದು, ಆದ್ದರಿಂದ ಅಲ್ಲಿ ಬಗ್ಗಿಸುವ ಬಲವೇ ಇರುವುದಿಲ್ಲ. ಕಾಲಿನ ಹತ್ತಿರ ದಬ್ಬೆ ಬಹುಮಟ್ಟಿಗೆ ನೆಟ್ಟಗೇ ಉಳಿದು, ಮೇಲೆ ಹೋದಂತೆ ಬಾಗು ಹೆಚ್ಚುತ್ತಾ ನೆತ್ತಿಯಲ್ಲಿ ಗರಿಷ್ಠವಾಗುತ್ತದೆ. ಈ ವಕ್ರರೇಖೆಗೆ ‘ಇಲಾಸ್ಟಿಕಾ’ ಎಂದು ಹೆಸರು. ಹದಿನೇಳನೆಯ ಶತಮಾನದ ಕೊನೆಯಲ್ಲಿ ಗಣಿತಜ್ಞ ಯಾಕೊಬ್ ಬೆರ್ನೂಲಿ ಇದನ್ನು ಕೈಗೆತ್ತಿಕೊಂಡರು; ಡೇನಿಯಲ್ ಬೆರ್ನೂಲಿಯ ಸಲಹೆಯನ್ನು ಹಿಡಿದು ಲಿಯೊನಾರ್ಡ್ ಆಯ್ಲರ್ 1744ರಲ್ಲಿ ಇದರ ಎಲ್ಲ ರೂಪಗಳನ್ನೂ ವಿಂಗಡಿಸಿದರು. ಉದ್ದವೂ ತುದಿಗಳ ಸ್ಥಾನವೂ ಗೊತ್ತುಮಾಡಿದ್ದಾಗ, ಬಾಗಿ ನಿಲ್ಲಲು ಅತಿ ಕಡಿಮೆ ಶಕ್ತಿ ಸಾಕಾಗುವ ಆಕಾರವನ್ನೇ ಪಟ್ಟಿ ತಳೆಯುತ್ತದೆ ಎಂಬುದು ಅದರ ತಿರುಳು.

ನಿಮ್ಮ ದಬ್ಬೆಯನ್ನೇ ತೆಗೆದುಕೊಂಡು ಲೆಕ್ಕ ಹಾಕೋಣ. ಅದರ ಕಾಲುಗಳ ನಡುವೆ 2.96 ಮೀಟರ್ ಅಂತರವಿದೆಯೆಂದುಕೊಳ್ಳಿ, ತೂಕವನ್ನು ಸದ್ಯಕ್ಕೆ ಬದಿಗಿಡಿ. ವೃತ್ತದ ಕಮಾನಾದರೆ ನೆತ್ತಿ 1.13 ಮೀಟರ್ ಎತ್ತರದಲ್ಲಿರುತ್ತದೆ, ತ್ರಿಜ್ಯ ಎಲ್ಲ ಕಡೆ 1.54 ಮೀಟರ್. ನಿಜವಾದ ದಬ್ಬೆಯ ನೆತ್ತಿ 1.19 ಮೀಟರಿಗೆ ಏರುತ್ತದೆ. ಎತ್ತರದ ವ್ಯತ್ಯಾಸ ಆರು ಸೆಂಟಿಮೀಟರ್ ಮಾತ್ರ, ಕಣ್ಣಿಗೆ ಬೀಳದೆಯೂ ಇರಬಹುದು. ಆದರೆ ನೆತ್ತಿಯಲ್ಲಿ ಬಾಗಿನ ತ್ರಿಜ್ಯ 1.54ರಿಂದ 1.19 ಮೀಟರಿಗೆ ಇಳಿದಿರುತ್ತದೆ. ದಬ್ಬೆಯ ಹೊರಮೈ ಎಷ್ಟು ಹಿಗ್ಗುತ್ತದೆ ಎಂಬುದು ಅದರ ಅರ್ಧ ದಪ್ಪವನ್ನು ತ್ರಿಜ್ಯದಿಂದ ಭಾಗಿಸಿದರೆ ಸಿಗುತ್ತದೆ: ಚಿತ್ರದ ಪ್ರಕಾರ ಸಾವಿರಕ್ಕೆ 1.95, ವಾಸ್ತವದಲ್ಲಿ ಸಾವಿರಕ್ಕೆ 2.53. ಅಂದರೆ ನೆತ್ತಿಯ ನಾರುಗಳ ಮೇಲೆ ನೀವು ಊಹಿಸಿದ್ದಕ್ಕಿಂತ ಸುಮಾರು ಶೇ. 30ರಷ್ಟು ಹೆಚ್ಚು ಪೀಡನ ಬಿದ್ದಿದೆ. ಗಟ್ಟಿಮುಟ್ಟಾದ ದಬ್ಬೆ ಇಷ್ಟನ್ನು ತಾಳಿಕೊಳ್ಳಬಹುದು. ಆದರೆ ಗಿಣ್ಣು ನೆತ್ತಿಗೇ ಬಂದು, ಅದನ್ನು ಹೆರೆಯುವಾಗ ಕತ್ತಿ ಒಂದೆರಡು ನಾರನ್ನು ಕಡಿದಿದ್ದರೆ ಸೀಳು ಅಲ್ಲಿಂದಲೇ ಹೊರಡುತ್ತದೆ. ನಾನೂ ಮೊದಲ ಸಲ ಹೀಗೆಯೇ ಐದು ದಬ್ಬೆಗಳನ್ನು ಕಳೆದುಕೊಂಡೆ, ಐದೂ ನೆತ್ತಿಯಿಂದ ಒಂದು ಗೇಣಿನೊಳಗೇ ಸೀಳಿದ್ದವು.

ಈಗ ಸರಿಯಾದ ವಿಧಾನ. ರೈನೊದೊಳಗೆ ಸೂಚನೆಗಳನ್ನು ಜೋಡಿಸಿ ಆಕಾರ ಕಟ್ಟುವ ಗ್ರಾಸ್‌ಹಾಪರ್ ಎಂಬ ವಿಭಾಗದಲ್ಲಿ ಡೇನಿಯಲ್ ಪೈಕರ್ ರೂಪಿಸಿದ ಕ್ಯಾಂಗರೂ ಎಂಬ ಸಾಧನವಿದೆ. ಅದರಲ್ಲಿ ದಬ್ಬೆಯನ್ನು ನಲವತ್ತು ಚಿಕ್ಕ ತುಂಡುಗಳ ಸರಪಳಿಯಂತೆ ಬರೆದು, ಪ್ರತಿ ತುಂಡೂ ತನ್ನ ಉದ್ದವನ್ನು ಉಳಿಸಿಕೊಳ್ಳಬೇಕು, ಪ್ರತಿ ಕೀಲೂ ನೆಟ್ಟಗಾಗಲು ಯತ್ನಿಸಬೇಕು ಎಂಬ ಎರಡು ಗುರಿಗಳನ್ನು ಕೊಡಿ. ಆಮೇಲೆ ಕಾಲುಗಳನ್ನು ನಿಧಾನವಾಗಿ ಹತ್ತಿರಕ್ಕೆ ತಂದರೆ ಕಮಾನು ತಾನಾಗಿ ಏಳುತ್ತದೆ. ಇಲ್ಲಿ ಎರಡು ಕಡೆ ಎಡವುವವರು ಬಹಳ ಮಂದಿ. ಮೊದಲನೆಯದು, ಉದ್ದ ಹಿಡಿಯುವ ಗುರಿಗೆ ಸಾಕಷ್ಟು ಬಲ ಕೊಡದಿದ್ದರೆ ದಬ್ಬೆ ರಬ್ಬರಿನಂತೆ ಎಳೆದುಕೊಳ್ಳುತ್ತದೆ ಅಥವಾ ಕುಗ್ಗುತ್ತದೆ. ಕೊನೆಯಲ್ಲಿ ಒಟ್ಟು ಉದ್ದವನ್ನು ಅಳೆದು ನೋಡಿ, 4.00 ಮೀಟರ್ ಇಲ್ಲದಿದ್ದರೆ ಆ ಫಲಿತಾಂಶವನ್ನು ಬಿಟ್ಟುಬಿಡಿ. ಎರಡನೆಯದು, ತುಂಡುಗಳ ಸಂಖ್ಯೆಯನ್ನು ನಲವತ್ತರಿಂದ ಎಂಬತ್ತಕ್ಕೆ ಏರಿಸಿದವರು ಕೀಲಿನ ಬಲವನ್ನು ಹಾಗೆಯೇ ಬಿಡುತ್ತಾರೆ. ಕೀಲಿನ ಬಲ ತುಂಡಿನ ಉದ್ದಕ್ಕೆ ವಿಲೋಮವಾಗಿರಬೇಕು. ತುಂಡು ಅರ್ಧವಾದರೆ ಬಲ ಎರಡರಷ್ಟಾಗಬೇಕು, ಇಲ್ಲದಿದ್ದರೆ ಅದೇ ದಬ್ಬೆ ಲೆಕ್ಕದಲ್ಲಿ ಅರ್ಧಕ್ಕರ್ಧ ಮೆತ್ತಗಾಗುತ್ತದೆ.

ಕೀಲಿಗೆ ಎಷ್ಟು ಬಲ ಕೊಡಬೇಕೆಂಬುದನ್ನು ಪುಸ್ತಕದಿಂದ ಎತ್ತಿಕೊಳ್ಳಬೇಡಿ. ಬಿದಿರು ಜಾತಿಗೊಂದು ಬಗೆ, ಹಸಿ ಒಣಗಿಗೊಂದು ಬಗೆ. ಒಂದೇ ಗಳದಲ್ಲಿಯೂ ಹೊರಸಿಪ್ಪೆಯ ಕಡೆ ನಾರು ದಟ್ಟ, ಒಳಗೆ ವಿರಳ. ನಿಮ್ಮ ದಬ್ಬೆಯೊಂದನ್ನು ಮೇಜಿನ ಅಂಚಿಗೆ ಕ್ಲ್ಯಾಂಪ್ ಹಾಕಿ ಬಿಗಿದು, 600 ಮಿ.ಮೀ. ಹೊರಗೆ ಚಾಚಿಕೊಂಡಿರುವಂತೆ ಮಾಡಿ, ತುದಿಗೆ 200 ಗ್ರಾಂ ತೂಕ ನೇತುಹಾಕಿ. ತುದಿ 21 ಮಿ.ಮೀ. ಇಳಿದರೆ ನಿಮ್ಮ ಬಿದಿರಿನ ಯಂಗ್ ಗುಣಾಂಕ (ವಸ್ತು ಎಷ್ಟು ಸೆಟೆದಿದೆ ಎಂಬುದರ ಅಳತೆ) ಚದರ ಮಿಲಿಮೀಟರಿಗೆ ಸುಮಾರು 15,000 ನ್ಯೂಟನ್. ಅದರ ಅರ್ಧದಷ್ಟೇ ಇಳಿದರೆ ಗುಣಾಂಕ ಎರಡರಷ್ಟು. ಹತ್ತು ದಬ್ಬೆಗಳನ್ನು ಹೀಗೆ ಅಳೆದರೆ ಒಂದು ಮಧ್ಯಾಹ್ನ ಸಾಕು, ಮೆತ್ತಗಿರುವುದು ಯಾವುದು, ಸೆಟೆದಿರುವುದು ಯಾವುದು ಎಂದು ಬೇರೆ ಮಾಡಿಡಲೂ ಆಗುತ್ತದೆ.

ಇನ್ನೊಂದು ಪರೀಕ್ಷೆಯನ್ನು ತಪ್ಪದೆ ಮಾಡಿ. ಸಮತಟ್ಟಾದ ನೆಲದ ಮೇಲೆ ದಬ್ಬೆಯನ್ನು ಅಂಚಿನ ಮೇಲೆ ನಿಲ್ಲಿಸಿ, 2.96 ಮೀಟರ್ ದೂರದಲ್ಲಿರುವ ಎರಡು ಇಟ್ಟಿಗೆಗಳ ನಡುವೆ ಬಿಲ್ಲಿನಂತೆ ಬಗ್ಗಿಸಿ, ಸೀಮೆಸುಣ್ಣದಿಂದ ಅದರ ಜಾಡನ್ನು ಎಳೆಯಿರಿ. ಮಲಗಿದ ಬಿಲ್ಲಿನ ಆಕಾರವನ್ನು ಭೂಮಿಯ ಸೆಳೆತ ಬದಲಿಸದು; ಆದ್ದರಿಂದ ತೂಕವಿಲ್ಲದ ಸಿಮ್ಯುಲೇಶನ್ ಸರಿಯಿದ್ದರೆ ಎರಡೂ ರೇಖೆಗಳು ಒಂದಕ್ಕೊಂದು ಹೊಂದಬೇಕು. ಹೊಂದಿದ ಮೇಲೆ ತೂಕವನ್ನು ಸೇರಿಸಿ. ಸೇರಿಸುವುದು ಏಕೆ ಮುಖ್ಯವೆಂದರೆ, ಈ ದಬ್ಬೆಯನ್ನು ಬಿಲ್ಲಾಗಿ ಹಿಡಿದಿಡಲು ಇಟ್ಟಿಗೆಗೆ ಬೇಕಾದ ತಳ್ಳುಬಲ ಸುಮಾರು ಅರ್ಧ ಕಿಲೋ ಭಾರದಷ್ಟು ಮಾತ್ರ; ದಬ್ಬೆಯ ಸ್ವಂತ ತೂಕವೇ ಹತ್ತಿರಹತ್ತಿರ ಅಷ್ಟಿದೆ. ಎತ್ತಿ ನಿಲ್ಲಿಸಿದಾಗ ಅದು ಕುಸಿದು ಓರೆಯಾಗುವುದರಲ್ಲಿ ಆಶ್ಚರ್ಯವಿಲ್ಲ. ಒಂಟಿ ದಬ್ಬೆಯಲ್ಲಿ ಕಮಾನು ನಿಲ್ಲಿಸುವ ಬದಲು ಅಡ್ಡ ದಬ್ಬೆಗಳನ್ನು ಹೆಣೆದ ಜಾಲರಿಯಾಗಿ ಕಟ್ಟಿ. ಜಾಲರಿಯಲ್ಲಿ ದಬ್ಬೆಗಳು ತಿರುಚಿಕೊಳ್ಳುತ್ತವೆ ಎಂಬುದನ್ನೂ ನೆನಪಿಡಿ: ನಿಮ್ಮ ದಬ್ಬೆ ದಪ್ಪದ ಕಡೆಗೆ ಬಾಗುವುದಕ್ಕಿಂತ ಅಗಲದ ಕಡೆಗೆ ಬಾಗಲು 17 ಪಟ್ಟು ಹೆಚ್ಚು ಬಲ ಕೇಳುತ್ತದೆ. ಬರಿಯ ಗೆರೆಗಳ ಮಾದರಿಗೆ ಅಗಲ ದಪ್ಪಗಳ ಭೇದವಿಲ್ಲ, ಆದ್ದರಿಂದ ಅದು ಸಲೀಸಾಗಿ ತೋರಿಸುವ ತಿರುವನ್ನು ದಬ್ಬೆ ಒಪ್ಪದಿರಬಹುದು.

ಪ್ರಶ್ನೆ: ಕಂಪ್ಯೂಟರುಗಳು ಮನೆಮಾತಾಗುವ ಮೊದಲು ಇಂಥ ಬಾಗಿದ ಕಟ್ಟಡಗಳನ್ನು ಹೇಗೆ ಲೆಕ್ಕ ಹಾಕುತ್ತಿದ್ದರು? (ಧಾರವಾಡ)

ಉತ್ತರ: ವಸ್ತುವನ್ನೇ ಬಗ್ಗಿಸಿ ನೋಡುತ್ತಿದ್ದರು. ತಂತ್ರಾಂಶಗಳಲ್ಲಿ ‘ಸ್ಪ್ಲೈನ್’ ಎಂದು ಕರೆಯುವ ವಕ್ರರೇಖೆಯ ಹೆಸರು, ಹಡಗಿನ ನಕ್ಷೆ ಬರೆಯುವವರು ಬಳಸುತ್ತಿದ್ದ ತೆಳುವಾದ ಮರದ ಪಟ್ಟಿಯಿಂದ ಬಂದದ್ದು. ಆ ಪಟ್ಟಿಯನ್ನು ಅಲ್ಲಲ್ಲಿ ಸೀಸದ ಗುಂಡುಗಳಿಂದ ಅದುಮಿ ಹಿಡಿದು, ಅದು ತಾನಾಗಿ ತಳೆದ ಬಾಗಿನ ಮೇಲೆ ಗೆರೆ ಎಳೆಯುತ್ತಿದ್ದರು. ಇಂದಿನ ತಂತ್ರಾಂಶದ ಸ್ಪ್ಲೈನ್ ಹೆಸರಿಗೆ ಮಾತ್ರ ಪಟ್ಟಿ. ಅದು ಬಹುಪದಗಳ ರೇಖೆ, ಬಾಗು ಅಲ್ಪವಾಗಿದ್ದಾಗ ಮಾತ್ರ ಮರದ ಪಟ್ಟಿಗೆ ಸಮೀಪವಾಗಿರುತ್ತದೆ.

ದೊಡ್ಡ ಕಟ್ಟಡಕ್ಕೆ ಜರ್ಮನಿಯ ಮಾನ್‌ಹೈಮ್ ನಗರದ ಮುಲ್ಟಿಹಾಲೆ ಒಳ್ಳೆಯ ಉದಾಹರಣೆ. 1975ರ ತೋಟಗಾರಿಕಾ ಪ್ರದರ್ಶನಕ್ಕೆಂದು ಕಟ್ಟಿದ ಈ ಮರದ ಜಾಲರಿ ಚಾವಣಿಯ ಆಕಾರವನ್ನು ವಾಸ್ತುಶಿಲ್ಪಿ ಫ್ರೈ ಓಟೊ ಅವರು ಸರಪಳಿಗಳ ಬಲೆಯೊಂದನ್ನು ತಲೆಕೆಳಗಾಗಿ ತೂಗುಬಿಟ್ಟು ಕಂಡುಕೊಂಡರು. ತೂಗುವ ಸರಪಳಿಯಲ್ಲಿ ಎಳೆತ ಮಾತ್ರ ಇರುತ್ತದೆ; ಅದೇ ಆಕಾರವನ್ನು ಮಗುಚಿದರೆ ಒತ್ತಡ ಮಾತ್ರ ಉಳಿಯುತ್ತದೆ. ಹೆಮ್ಲಾಕ್ ಮರದ 50 ಮಿ.ಮೀ. ಚದರದ ರೀಪುಗಳನ್ನು ನೆಲದ ಮೇಲೆ ಚಪ್ಪಟೆಯಾಗಿ ಜೋಡಿಸಿ, ಕೀಲುಗಳನ್ನು ಸಡಿಲವಾಗಿ ಬಿಟ್ಟು, ಕೆಳಗಿನಿಂದ ಮೇಲಕ್ಕೆತ್ತಿ, ಆಕಾರ ಬಂದ ಮೇಲೆ ಬೋಲ್ಟುಗಳನ್ನು ಬಿಗಿದರು. ಲೆಕ್ಕದ ಹೊಣೆ ಓವ್ ಅರಪ್ ಸಂಸ್ಥೆಯ ಎಂಜಿನಿಯರುಗಳದ್ದು. ಕಟ್ಟಿದ ಮೇಲೆ, ನೀರು ತುಂಬಿದ ಕಸದ ಡಬ್ಬಿಗಳನ್ನು ಚಾವಣಿಗೆ ನೇತುಹಾಕಿ ಅದು ಎಷ್ಟು ಇಳಿಯುತ್ತದೆಂದು ಅಳೆದರು. ಲೆಕ್ಕವನ್ನು ನಿಜವಾದ ಭಾರದೆದುರು ನಿಲ್ಲಿಸಿದ ಆ ಕ್ರಮದ ಮೇಲೆ ನನಗೆ ಬಹಳ ಗೌರವವಿದೆ.

ಅಲ್ಲಿನ ಒಂದು ಜಾಣ್ಮೆ ಮೈಸೂರಿನ ತಂಡಕ್ಕೂ ಉಪಯೋಗಕ್ಕೆ ಬರುತ್ತದೆ. ಬಾಗದೆ ನಿಲ್ಲುವ ಗುಣ (ಸ್ಟಿಫ್‌ನೆಸ್) ದಪ್ಪದ ಘನಕ್ಕೆ ಅನುಗುಣವಾಗಿರುವುದರಿಂದ ದಪ್ಪ ಎರಡರಷ್ಟಾದರೆ ಬಗ್ಗಿಸಲು ಎಂಟರಷ್ಟು ಬಲ ಬೇಕು. ಅದೇ ದಪ್ಪವನ್ನು ಒಂದರ ಮೇಲೊಂದು ಜಾರುವ ಎರಡು ಪದರಗಳಾಗಿ ಇಟ್ಟರೆ ಎರಡರಷ್ಟು ಬಲ ಸಾಕು. ಮಾನ್‌ಹೈಮ್‌ನಲ್ಲಿ ರೀಪುಗಳನ್ನು ಇಮ್ಮಡಿ ಪದರವಾಗಿ ಹಾಕಿದ್ದರು: ಬಗ್ಗಿಸುವಾಗ ಪದರಗಳು ಜಾರಿ ಸಲೀಸಾಗಿ ಬಾಗುತ್ತವೆ, ಬಿಗಿದ ಮೇಲೆ ಒಟ್ಟಾಗಿ ಭಾರ ಹೊರುತ್ತವೆ. ಇದನ್ನು ಸಿಮ್ಯುಲೇಶನ್ ಮಾಡುವವರು ಎರಡು ಹಂತಗಳಿಗೆ ಎರಡು ಬೇರೆ ಸ್ಟಿಫ್‌ನೆಸ್ ಬೆಲೆಗಳನ್ನು ಕೊಡಬೇಕು. ಸರಪಳಿಯ ಮಾದರಿಯಲ್ಲಿ ಬಾಗುವುದಕ್ಕೆ ಪ್ರತಿರೋಧವೇ ಇಲ್ಲ, ರೀಪಿನಲ್ಲಿ ಇದೆ. ಆದ್ದರಿಂದ ತೂಗುಮಾದರಿಯ ಆಕಾರವೂ ಬಾಗಿದ ಮರ ತಾನಾಗಿ ಬಯಸುವ ಆಕಾರವೂ ಪೂರ್ತಿ ಒಂದೇ ಅಲ್ಲ.

ಪ್ರಶ್ನೆ: ಸೀರೆಗಳ ಡಿಜಿಟಲ್ ಚಿತ್ರ ತಯಾರಿಸುವ ಕೆಲಸ ನನ್ನದು. ಮೈಸೂರು ರೇಷ್ಮೆಯನ್ನೂ ಇಳಕಲ್ ಸೀರೆಯನ್ನೂ ತಂತ್ರಾಂಶದಲ್ಲಿ ಉಡಿಸಿದರೆ ಬಣ್ಣವೊಂದನ್ನು ಬಿಟ್ಟು ನೆರಿಗೆಗಳೆಲ್ಲ ಒಂದೇ ರೀತಿ ಬೀಳುತ್ತವೆ. ಏನು ಮಾಡಲಿ? (ಬಾಗಲಕೋಟೆ)

ಉತ್ತರ: ನೀವು ಬಣ್ಣ, ವಿನ್ಯಾಸ ಬದಲಿಸಿ, ಬಟ್ಟೆಯ ಗುಣಗಳನ್ನು ಮೊದಲಿನಂತೆಯೇ ಬಿಟ್ಟಿರಬೇಕು. ನೆರಿಗೆ ಬೀಳುವ ಬಗೆಯನ್ನು ಮುಖ್ಯವಾಗಿ ತೀರ್ಮಾನಿಸುವುದು ಬಟ್ಟೆಯ ತೂಕ ಮತ್ತು ಬಾಗುವುದಕ್ಕೆ ಅದು ಒಡ್ಡುವ ಪ್ರತಿರೋಧ. ಇದನ್ನು ಅಳೆಯುವ ಸರಳ ವಿಧಾನವನ್ನು ಎಫ್. ಟಿ. ಪಿಯರ್ಸ್ ಅವರು 1930ರಲ್ಲೇ ಕೊಟ್ಟಿದ್ದಾರೆ, ಅದನ್ನು ಮನೆಯಲ್ಲಿಯೂ ಮಾಡಬಹುದು. 25 ಮಿ.ಮೀ. ಅಗಲದ ಬಟ್ಟೆಯ ಪಟ್ಟಿಯನ್ನು ಮೇಜಿನ ಮೇಲೆ ಹಾಸಿ, ಮೇಲೊಂದು ಅಳತೆಪಟ್ಟಿ ಇಟ್ಟು, ಎರಡನ್ನೂ ಒಟ್ಟಿಗೆ ಅಂಚಿನಾಚೆಗೆ ಮೆಲ್ಲಗೆ ತಳ್ಳಿ. ಮೇಜಿನ ಅಂಚಿನಿಂದ ಕೆಳಕ್ಕೆ 41.5 ಡಿಗ್ರಿ ಇಳಿಜಾರಿನಲ್ಲಿ, ಅಂದರೆ ಅಡ್ಡಕ್ಕೆ 100 ಮಿ.ಮೀ. ಹೋದಾಗ ಕೆಳಕ್ಕೆ ಸುಮಾರು 88 ಮಿ.ಮೀ. ಇಳಿಯುವಂತೆ, ಒಂದು ರಟ್ಟನ್ನು ನಿಲ್ಲಿಸಿರಿ. ಬಟ್ಟೆಯ ತುದಿ ತಾನಾಗಿ ಬಾಗಿ ರಟ್ಟನ್ನು ಮುಟ್ಟಿದಾಗ ಹೊರಚಾಚಿದ ಉದ್ದದ ಅರ್ಧವನ್ನು ಬರೆದುಕೊಳ್ಳಿ. ಅದರ ಘನವನ್ನು ಚದರ ಅಳತೆಯ ತೂಕದಿಂದ ಗುಣಿಸಿದರೆ ಬಟ್ಟೆಯ ಬಾಗು ಪ್ರತಿರೋಧ ಸಿಗುತ್ತದೆ. ಒಂದೇ ತೂಕದ ಎರಡು ಬಟ್ಟೆಗಳಲ್ಲಿ ಒಂದು 5 ಸೆಂ.ಮೀ.ಗೆ, ಇನ್ನೊಂದು 10 ಸೆಂ.ಮೀ.ಗೆ ರಟ್ಟನ್ನು ಮುಟ್ಟಿದರೆ, ಎರಡನೆಯದರ ಪ್ರತಿರೋಧ ಎಂಟು ಪಟ್ಟು.

ಹಾಸು, ಹೊಕ್ಕು, ಮತ್ತು ದರ್ಜಿಗಳು ‘ಕ್ರಾಸ್’ ಎನ್ನುವ ಓರೆ, ಈ ಮೂರು ದಿಕ್ಕಿಗೂ ಬೇರೆ ಬೇರೆ ಅಳತೆ ತೆಗೆಯಿರಿ. ಸೀರೆ ಒಂದೇ ಬಟ್ಟೆಯಲ್ಲ ಎಂಬುದನ್ನು ತಂತ್ರಾಂಶಕ್ಕೆ ತಿಳಿಸುವುದು ಇನ್ನೂ ಮುಖ್ಯ. ಇಳಕಲ್ ಸೀರೆಯ ಸೆರಗಿನ ಎಳೆಗಳನ್ನು ಒಡಲಿನ ಎಳೆಗಳಿಗೆ ಕುಣಿಕೆ ಹಾಕಿ ಜೋಡಿಸುವುದನ್ನು ನಿಮ್ಮ ಊರಿನ ಕಡೆಯವರಿಗೆ ನಾನು ಹೇಳಬೇಕಾಗಿಲ್ಲ. ಹತ್ತಿಯ ಒಡಲು, ರೇಷ್ಮೆಯ ಸೆರಗು, ದಟ್ಟವಾದ ಅಂಚು ಮೂರೂ ಬೇರೆ ಬೇರೆಯಾಗಿ ಬಾಗುತ್ತವೆ. ಮಾದರಿಯಲ್ಲಿ ಒಡಲು, ಅಂಚು, ಸೆರಗುಗಳನ್ನು ಪ್ರತ್ಯೇಕ ತುಂಡುಗಳಾಗಿ ಬರೆದು, ಹೊಲಿದು, ಒಂದೊಂದಕ್ಕೂ ಅದರದೇ ಬೆಲೆ ಕೊಡಿ. ಜರಿಯಂಚು ಸೆಟೆದು ನಿಂತು ಒಡಲು ಅದರಿಂದ ಇಳಿಬಿದ್ದಾಗಲೇ ನೆರಿಗೆಗೆ ಜೀವ ಬರುತ್ತದೆ. ಬಟ್ಟೆಯನ್ನು ವಿಭಜಿಸುವ ಬಿಂದುಗಳ ಅಂತರ 20 ಮಿ.ಮೀ. ಇದ್ದರೆ ಅದಕ್ಕಿಂತ ಸಣ್ಣ ಮಡಿಕೆ ಮೂಡುವುದೇ ಸಾಧ್ಯವಿಲ್ಲ; ಭಂಗಿ ಹೊಂದಿಸುವವರೆಗೆ ಹಾಗೆಯೇ ಇಟ್ಟುಕೊಂಡು, ಕೊನೆಯ ಸುತ್ತಿಗೆ 5 ಮಿ.ಮೀ.ಗೆ ಇಳಿಸಿ. ಕಂಪ್ಯೂಟರು ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ, ತೆಗೆದುಕೊಳ್ಳಲಿ.

ಪ್ರಶ್ನೆ: ಹಣ ಕೊಡದೆ ಕಲಿಯಲು ಯಾವ ತಂತ್ರಾಂಶ ಒಳ್ಳೆಯದು? (ಶಿವಮೊಗ್ಗ)

ಉತ್ತರ: ಬಟ್ಟೆಗೆ ಬ್ಲೆಂಡರ್ ಸಾಕು, ಅದರ ‘ಕ್ಲಾತ್’ ವಿಭಾಗದಲ್ಲಿ ಬಾಗುವುದಕ್ಕೆ ಪ್ರತ್ಯೇಕ ಸ್ಟಿಫ್‌ನೆಸ್ ಇದೆ. ಆದರೆ ಅಲ್ಲಿನ ಅಂಕಿಗಳನ್ನು ನೀವು ಅಳೆದ ಬೆಲೆಗಳೆಂದು ನೇರವಾಗಿ ತುಂಬುವಂತಿಲ್ಲ, ಮೇಲೆ ಹೇಳಿದ ರಟ್ಟಿನ ಪರೀಕ್ಷೆಯನ್ನೇ ತೆರೆಯ ಮೇಲೆ ನಡೆಸಿ, ತುದಿ ಅದೇ ಜಾಗಕ್ಕೆ ಬರುವವರೆಗೆ ಹೊಂದಿಸಿಕೊಳ್ಳಬೇಕು. ಬಿದಿರು, ಪ್ಲೈವುಡ್ ಪಟ್ಟಿಗಳಿಗೆ ಫ್ರೀಕ್ಯಾಡ್ ಬಳಸಿ. ಅದರೊಳಗೆ ಕ್ಯಾಲ್ಕ್ಯುಲಿಕ್ಸ್ ಎಂಬ ಲೆಕ್ಕಯಂತ್ರವಿದೆ. ಲೆಕ್ಕಕ್ಕೆ ಕೂರುವ ಮೊದಲು ಜಿಯೊಮೆಟ್ರಿ ನಾನ್‌ಲೀನಿಯರ್ ಎಂಬ ಆಯ್ಕೆಯನ್ನು ಹಾಕಿಕೊಳ್ಳಿ. ಅದಿಲ್ಲದಿದ್ದರೆ ತಂತ್ರಾಂಶವು ಬಾಗು ಅತ್ಯಲ್ಪವೆಂದೇ ಭಾವಿಸಿ ಪ್ರತಿ ಬಿಂದುವನ್ನೂ ನೇರ ಗೆರೆಯಲ್ಲಿ ಸರಿಸುತ್ತದೆ, ಹೆಚ್ಚು ಬಗ್ಗಿಸಿದಷ್ಟೂ ಪಟ್ಟಿ ಉದ್ದವಾಗುತ್ತಾ ಹೋಗುತ್ತದೆ. ಮೊದಲ ಅಭ್ಯಾಸಕ್ಕೆ 300 ಮಿ.ಮೀ. ಉದ್ದದ ಉಕ್ಕಿನ ಅಳತೆಪಟ್ಟಿಯನ್ನೇ ಆರಿಸಿಕೊಳ್ಳಿ: ಅದರಲ್ಲಿ ಗಿಣ್ಣಿಲ್ಲ, ಹಸಿ ಒಣಗಿಲ್ಲ, ಬಿಟ್ಟಾಗ ಮತ್ತೆ ನೆಟ್ಟಗಾಗುತ್ತದೆ, ಉದ್ದ ಅಳೆಯಲು ಅಂಕಿಗಳೂ ಅದರ ಮೇಲೆಯೇ ಇವೆ.