‘ಕಲಿತ ಪಾಠಗಳು’ ಪುಟದಲ್ಲಿ ಏನು ಬರೆಯಬೇಕು?

ಪತ್ರ: ವಿದೇಶಿ ನೆರವಿನ ಆರೋಗ್ಯ ಕಾರ್ಯಕ್ರಮವೊಂದರಲ್ಲಿ ಆರು ವರ್ಷದಿಂದ ದುಡಿಯುತ್ತಿರುವ ಓದುಗರೊಬ್ಬರು ಬರೆದಿದ್ದಾರೆ. ಅವರ ವಾರ್ಷಿಕ ವರದಿಯಲ್ಲಿ ‘ಕಲಿತ ಪಾಠಗಳು’ ಅಂತ ಒಂದು ಪುಟ ಇರುತ್ತದೆ. ಕಳೆದ ಸಲ ಅವರು ಹಿಂದಿನ ವರ್ಷದ ಪುಟವನ್ನೇ ಇಸವಿ ತಿದ್ದಿ ಕಳಿಸಿದರು. ಯಾರೂ ಗಮನಿಸಲಿಲ್ಲ. ಈಗ ಮೇಲಿನವರು ‘ಅಡಾಪ್ಟಿವ್ ಮ್ಯಾನೇಜ್‌ಮೆಂಟ್’ ತರಬೇತಿಗೆ ಕರೆದಿದ್ದಾರೆ. ಕೆಲಸ ನಡೆಯುತ್ತಿರುವಾಗಲೇ ಕಲಿತು ದಾರಿ ತಿದ್ದಿಕೊಳ್ಳುವುದು ಅಂತ ಅದರ ಅರ್ಥ. “ಇದರಿಂದ ಏನಾದರೂ ಬದಲಾಗುತ್ತದಾ, ಇಲ್ಲ ಯೋಜನೆ ಹಳಿ ತಪ್ಪಿದಾಗ ಹೇಳಿಕೊಳ್ಳೋಕೆ ಸಿಕ್ಕ ಹೊಸ ಹೆಸರಾ?” ಅಂತ ಕೇಳಿದ್ದಾರೆ.

ಸಂಪಾದಕರ ಉತ್ತರ:

ನಿಮ್ಮ ಪತ್ರ ಓದಿದ ಮೇಲೆ ಇಸವಿ ಮಾತ್ರ ಬದಲಾದ ಆ ಪುಟ ಎರಡು ದಿನ ನನ್ನ ತಲೆಯಿಂದ ಹೋಗಲಿಲ್ಲ. ನಿಮ್ಮನ್ನು ಸೋಮಾರಿ ಅನ್ನಲು ನನಗೆ ಮನಸ್ಸಿಲ್ಲ. ಓದುವವರೇ ಇಲ್ಲ ಅಂತ ಖಾತ್ರಿಯಾದ ಮೇಲೆ ಮನಸ್ಸಿಟ್ಟು ಬರೆಯುವುದು ಯಾರಿಗಾದರೂ ಕಷ್ಟವೇ, ಅಲ್ವಾ?

ಕಲಿತದ್ದು ನಿಜವಾಗಿ ಕೆಲಸವನ್ನು ಬದಲಿಸಿದ ಒಂದು ಕಥೆ ಹೇಳುತ್ತೇನೆ. ಬಾಂಗ್ಲಾದೇಶದ ಬ್ರ್ಯಾಕ್ ಅನ್ನುವ ಸ್ವಯಂಸೇವಾ ಸಂಸ್ಥೆ 1980ರಲ್ಲಿ ಒಂದು ದೊಡ್ಡ ಕೆಲಸಕ್ಕೆ ಇಳಿಯಿತು. ಭೇದಿಯಾಗಿ ಮೈಯಲ್ಲಿನ ನೀರು ಬತ್ತಿ ಮಕ್ಕಳು ಸಾಯುತ್ತಿದ್ದ ಕಾಲ ಅದು. ಮನೆಮನೆಗೆ ಹೋಗಿ ತಾಯಂದಿರಿಗೆ ಉಪ್ಪು ಬೆಲ್ಲದ ನೀರು ಮಾಡುವುದನ್ನು ಕಲಿಸಬೇಕಿತ್ತು. ಮೂರು ಬೆರಳಲ್ಲಿ ಒಂದು ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು. ಕೇಳೋಕೆ ಸುಲಭ. ಆದರೆ ಉಪ್ಪು ಜಾಸ್ತಿಯಾದರೆ ಮಗುವಿಗೇ ಅಪಾಯ.

ಕಲಿಸುವ ಹೆಂಗಸರಿಗೆ ಇಂತಿಷ್ಟು ಮನೆ ಸುತ್ತಿದರು ಅಂತ ಲೆಕ್ಕ ಹಾಕಿ ದುಡ್ಡು ಕೊಡುತ್ತಿರಲಿಲ್ಲ. ಅವರು ಹೋಗಿ ಬಂದ ಕೆಲವು ವಾರದ ಮೇಲೆ ಬೇರೆಯವರು ಅದೇ ಊರಿಗೆ ಹೋಗಿ, ಒಂದಷ್ಟು ಮನೆ ಆರಿಸಿ, ತಾಯಂದಿರನ್ನು ಮಾತಾಡಿಸುತ್ತಿದ್ದರು. ಏನೇನು ನೆನಪಿದೆ? ಒಂದ್ಸಲ ಮಾಡಿ ತೋರಿಸಿ. ತಾಯಿಗೆ ಎಷ್ಟು ಬಂದಿದೆಯೋ, ಕಲಿಸಿದವಳಿಗೆ ಅಷ್ಟು ಸಂಬಳ.

ತಾಯಂದಿರಿಗೆ ಪಾಠವೇನೋ ಚೆನ್ನಾಗಿ ನೆನಪಿತ್ತು. ಆದರೆ ಮಗುವಿಗೆ ನಿಜವಾಗಿ ಭೇದಿಯಾದಾಗ ಆ ನೀರು ಕುಡಿಸುವವರು ತೀರಾ ಕಡಿಮೆ ಅಂತ ಗೊತ್ತಾಯಿತು. ‘ಜನರಲ್ಲಿ ಅರಿವಿನ ಕೊರತೆ’ ಅಂತ ಒಂದು ಸಾಲು ಬರೆದು ಕೈತೊಳೆದುಕೊಳ್ಳಬಹುದಿತ್ತು. ಆದರೆ ಸಂಸ್ಥೆಯವರು ಕಾರಣ ಹುಡುಕಿಕೊಂಡು ಹೊರಟರು. ಸಿಕ್ಕಿದ ಕಾರಣ ನೋಡಿ: ಕಲಿಸುವವರಲ್ಲೇ ಹಲವರಿಗೆ ಈ ನೀರಿನ ಮೇಲೆ ನಂಬಿಕೆ ಇರಲಿಲ್ಲ. ತಮಗೆ ಭೇದಿಯಾದರೆ ಅವರು ಮಾತ್ರೆ ನುಂಗುತ್ತಿದ್ದರು! ಸರಿ, ಅವರನ್ನು ಢಾಕಾದ ಪ್ರಯೋಗಾಲಯಕ್ಕೆ ಕರೆದುಕೊಂಡು ಹೋಗಿ ಈ ನೀರು ದೇಹದೊಳಗೆ ಏನು ಮಾಡುತ್ತದೆ ಅಂತ ತಿಳಿಸಿಕೊಟ್ಟರು. ಇನ್ನೊಂದು ಕಾರಣವೂ ಇತ್ತು. ಮನೆಯ ಗಂಡಸರಿಗೆ ಯಾರೂ ಏನೂ ಹೇಳಿರಲಿಲ್ಲ. ಆಮೇಲೆ ಸಂತೆ, ಮಸೀದಿ, ಶಾಲೆಗಳಲ್ಲೂ ಮಾತು ಶುರುವಾಯಿತು. 1990ರ ಹೊತ್ತಿಗೆ ಈ ಪಾಠ 1 ಕೋಟಿ 20 ಲಕ್ಷಕ್ಕೂ ಹೆಚ್ಚು ಮನೆ ಮುಟ್ಟಿತ್ತು.

ಇದರಲ್ಲಿ ನನ್ನ ಕಣ್ಣು ಮತ್ತೆ ಮತ್ತೆ ಹೋಗುವುದು ಸಂಬಳದ ಲೆಕ್ಕದ ಕಡೆಗೆ. ಊರಿನಿಂದ ಬಂದ ಸುದ್ದಿ ಸಂಬಳವನ್ನು ಮುಟ್ಟಿತು, ತರಬೇತಿಯನ್ನು ಮುಟ್ಟಿತು, ಯಾರ ಜೊತೆ ಮಾತಾಡಬೇಕು ಅನ್ನುವುದನ್ನೂ ಬದಲಿಸಿತು. ನಿಮ್ಮ ಪುಟ ಏನನ್ನೂ ಮುಟ್ಟುವುದಿಲ್ಲ. ಅಭಿವೃದ್ಧಿ ಕೆಲಸಗಳನ್ನು ಅಧ್ಯಯನ ಮಾಡಿದ ಡೇವಿಡ್ ಕಾರ್ಟನ್ 1980ರಲ್ಲಿ ಇಂಥ ಸಂಸ್ಥೆಗಳನ್ನು ಮೂರು ಬಗೆಯಾಗಿ ನೋಡಿದ್ದರು. ತಪ್ಪೇ ಆಗಿಲ್ಲ ಅನ್ನುವವು, ತಪ್ಪನ್ನು ಬೇರೆಯವರ ತಲೆಗೆ ಕಟ್ಟುವವು, ತಪ್ಪನ್ನು ಅಪ್ಪಿಕೊಂಡು ಕಲಿಯುವವು. ಮೂರನೆಯದಕ್ಕೆ ಅವರು ಕೊಟ್ಟ ಉದಾಹರಣೆಗಳಲ್ಲಿ ಬ್ರ್ಯಾಕ್ ಕೂಡ ಒಂದು.

ಇನ್ನು ‘ಹೊಸ ಹೆಸರಾ’ ಅನ್ನುವ ಪ್ರಶ್ನೆ. ನಿಮ್ಮ ಅನುಮಾನ ಸುಮ್ನೆ ಹುಟ್ಟಿದ್ದಲ್ಲ. ದಾರಿಯ ಜೊತೆ ಗುರಿಯನ್ನೂ ಸದ್ದಿಲ್ಲದೆ ಬದಲಿಸಿ, ಅದನ್ನೇ ‘ಹೊಂದಿಕೊಂಡೆವು’ ಅನ್ನುವವರು ಇದ್ದಾರೆ. ಅದು ಮೋಸ. ಯಾವ ಗುರುತು ಕಂಡರೆ ದಾರಿ ಬದಲಿಸುತ್ತೇವೆ ಅಂತ ಮೊದಲೇ ಬರೆದಿಟ್ಟಿದ್ದರೆ ಈ ಮೋಸಕ್ಕೆ ಜಾಗ ಸಿಗುವುದು ಕಷ್ಟ. ಬಾಂಗ್ಲಾದೇಶದಲ್ಲೇ ನಡೆದ ಇನ್ನೊಂದು ಕಾರ್ಯಕ್ರಮ ‘ನೋ ಲೀನ್ ಸೀಸನ್’. ಕೆಲಸ ಸಿಗದ ತಿಂಗಳುಗಳಲ್ಲಿ ಹಳ್ಳಿಯ ಬಡವರು ಬೇರೆ ಕಡೆ ದುಡಿಯಲು ಹೋಗಲಿ ಅಂತ ದಾರಿಖರ್ಚಿಗೆ ಸಹಾಯ ಮಾಡುತ್ತಿತ್ತು. ಸಣ್ಣ ಪ್ರಯೋಗದಲ್ಲಿ ಚೆನ್ನಾಗಿ ಫಲ ಕೊಟ್ಟಿತ್ತು. ದೊಡ್ಡದು ಮಾಡಿದಾಗ ಫಲ ಕಾಣಲಿಲ್ಲ. ಅದನ್ನು ನಡೆಸುತ್ತಿದ್ದ ಎವಿಡೆನ್ಸ್ ಆಕ್ಷನ್ ಸಂಸ್ಥೆ ಆ ಫಲಿತಾಂಶವನ್ನು ಮುಚ್ಚಿಡಲಿಲ್ಲ. 2019ರಲ್ಲಿ ಕಾರ್ಯಕ್ರಮವನ್ನೇ ನಿಲ್ಲಿಸಿತು. ಇಷ್ಟು ಧೈರ್ಯ ಮಾಡುವವರು ಕಡಿಮೆ. ನನಗೆ ಅವರ ಮೇಲೆ ತುಂಬಾ ಗೌರವ ಇದೆ.

ತರಬೇತಿಗೆ ಹೋಗಿ. ಆದರೆ ಹೋಗುವ ಮೊದಲು ನಿಮ್ಮ ಕಾರ್ಯಕ್ರಮದ ಲಾಗ್‌ಫ್ರೇಮ್, ಅಂದರೆ ಗುರಿ, ಕೆಲಸ, ಅವುಗಳ ಅಳತೆ ಎಲ್ಲ ಒಂದೇ ಕಡೆ ಬರೆದಿಟ್ಟ ಕೋಷ್ಟಕ, ತೆರೆದು ನೋಡಿ. ಅಮೆರಿಕದ ವಿದೇಶಿ ನೆರವು ಸಂಸ್ಥೆಯಾಗಿದ್ದ ಯುಎಸ್‌ಏಡ್‌ಗಾಗಿ 1969ರ ಸುಮಾರಿಗೆ ತಯಾರಾದ, ನಾಲ್ಕು ಸಾಲು ನಾಲ್ಕು ಕಾಲಂನ ಅದೇ ಚೌಕಟ್ಟು. ಎಲ್ಲರೂ ಅದನ್ನು ಗುರಿ ಮುಟ್ಟಿದ ಲೆಕ್ಕ ಕೊಡೋಕೆ ಬಳಸುತ್ತಾರೆ. ಕೊನೆಯ ಕಾಲಂ ಕಡೆ ಯಾರೂ ತಿರುಗಿ ನೋಡುವುದಿಲ್ಲ. ಅಲ್ಲಿ ಇರುವುದು ‘ನಾವು ಹೀಗಿರುತ್ತದೆ ಅಂದುಕೊಂಡಿದ್ದೇವೆ’ ಅನ್ನುವ ಮಾತುಗಳು. ನರ್ಸ್ ವಾರಕ್ಕೆ ಎರಡು ಸಲ ಬರುತ್ತಾರೆ, ಔಷಧಿ ಸಮಯಕ್ಕೆ ಸಿಗುತ್ತದೆ, ಹೀಗೆ. ಆರು ವರ್ಷ ಊರೂರು ತಿರುಗಿದ ನಿಮಗೆ ಇದರಲ್ಲಿ ಯಾವುದು ಸುಳ್ಳಾಗಿದೆ ಅಂತ ನೋಡಿದ ಕೂಡಲೇ ಗೊತ್ತಾಗುತ್ತದೆ.

ಅದರಲ್ಲಿ ಒಂದೇ ಒಂದನ್ನು ಆರಿಸಿಕೊಳ್ಳಿ. ಯಾವ ಊರಿನಲ್ಲಿ ಏನು ನೋಡಿದಿರಿ, ಅದರಿಂದ ಬಜೆಟ್‌ನ ಯಾವ ಸಾಲು ಬದಲಾಗಬೇಕು, ಆ ಸಾಲಿಗೆ ಸಹಿ ಹಾಕುವವರು ಯಾರು, ಇಷ್ಟನ್ನು ಅರ್ಧ ಪುಟದಲ್ಲಿ ಬರೆಯಿರಿ. ವಾರ್ಷಿಕ ವರದಿಗೆ ಕಾಯಬೇಡಿ. ಸಹಿ ಹಾಕುವವರ ಎದುರು ಕೂತು ಓದಿ ಹೇಳಿ. ಅವರು ಏನಂದರು ಅಂತ ನಮಗೂ ಬರೆಯಿರಿ. ಒಳ್ಳೆಯ ಉತ್ತರ ಬರಲಿ, ಕೆಟ್ಟದ್ದೇ ಬರಲಿ, ಹೆಸರು ಹಾಕದೆ ಪ್ರಕಟಿಸುತ್ತೇವೆ.