ತೂಕ ಪೂರ್ತಿ ಇದೆ, ಸರಾಸರಿ ಎಲ್ಲಿ ಹೋಯಿತು?

ಪ್ರಶ್ನೆ: ಅಂಕಿಅಂಶ ಲೆಕ್ಕದ ಭಾಷೆಯಾದ ಆರ್‌ನಲ್ಲಿ (R) 40 ವರ್ಷ ದಾಟಿದವರ ಸರಾಸರಿ ತೂಕ ಕೇಳಿದರೆ ‘ಎನ್‌ಎ’ (NA, ಅಂದರೆ ಮೌಲ್ಯ ಗೊತ್ತಿಲ್ಲ) ಬರುತ್ತಿದೆ. ತೂಕದ ಕಾಲಂನಲ್ಲಿ ಒಂದು ಖಾನೆಯೂ ಖಾಲಿ ಇಲ್ಲ. ಎಲ್ಲರನ್ನೂ ಸೇರಿಸಿದರೆ ಸರಾಸರಿ ಸರಿಯಾಗಿಯೇ ಬರುತ್ತದೆ. ಸಾಫ್ಟ್‌ವೇರ್ ದೋಷವೇ?

ಉತ್ತರ: ಅಲ್ಲ. ಈ ಪ್ರಶ್ನೆ ಬಂದಾಗಲೆಲ್ಲ ಬೈಗುಳ ಮಾತ್ರ ಆರ್‌ಗೇ. ನೀವು ತಡಕಾಡುತ್ತಿರುವುದು ತೂಕದ ಕಾಲಂ. ಕಳ್ಳ ಕೂತಿರುವುದು ವಯಸ್ಸಿನ ಕಾಲಂನಲ್ಲಿ. ನಾಲ್ಕೇ ಜನರನ್ನು ಇಟ್ಟುಕೊಂಡು ನೋಡಿ. ವಯಸ್ಸು 35, 52, ಖಾಲಿ, 47. ತೂಕ 60, 72, 65, 68. ‘40ಕ್ಕಿಂತ ಹೆಚ್ಚೇ?’ ಎಂದರೆ ಇಲ್ಲ, ಹೌದು, ಗೊತ್ತಿಲ್ಲ, ಹೌದು. ಚೌಕ ಆವರಣದೊಳಗೆ ಈ ಷರತ್ತು ಕೊಟ್ಟರೆ ಆರ್ ಆ ‘ಗೊತ್ತಿಲ್ಲ’ ಸಾಲನ್ನು ಬಿಡುವುದಿಲ್ಲ, ಅದರ ಜಾಗದಲ್ಲಿ ಎನ್‌ಎ ಇಟ್ಟು ಕೊಡುತ್ತದೆ. ಕೈಗೆ ಸಿಗುವುದು 72, ಎನ್‌ಎ, 68. ಒಂದು ಎನ್‌ಎ ಸೇರಿದರೂ ಸರಾಸರಿಯೂ ಎನ್‌ಎ. ನೆಟ್ಟಗಿದ್ದ 65 ಮಾಯ.

‘ಹೌದು’ ಎಂದ ಸಾಲುಗಳನ್ನಷ್ಟೇ ಆರಿಸಲು ಷರತ್ತನ್ನು ‘ವಿಚ್’ (which) ಒಳಗೆ ಹಾಕಿ, ಇಲ್ಲವೇ ‘ಸಬ್‌ಸೆಟ್’ (subset) ಬಳಸಿ, 70 ಬರುತ್ತದೆ. ಸರಾಸರಿ ತೆಗೆಯುವಾಗ ಎನ್‌ಎಗಳನ್ನು ಬಿಡಿಸುವ ‘ಎನ್‌ಎ.ಆರ್‌ಎಂ’ (na.rm) ಟ್ರೂ ಮಾಡಿದರೂ 70 ಬಂತಲ್ಲ ಎನ್ನಬೇಡಿ. ಸಾಲು ಎಣಿಸಿದರೆ ಆಗಲೂ 3 ಎಂದೇ ತೋರಿಸುತ್ತದೆ, ಶೇಕಡಾವಾರು ಲೆಕ್ಕ ಅಲ್ಲೇ ಹಳ್ಳ ಹಿಡಿಯುತ್ತದೆ. ಹೀಗೇ ಒಂದು ವರದಿ ಕಳಿಸಿ, ಮಾರನೇ ದಿನ ವಾಪಸ್ ಕೇಳಿ ಮುಖ ಸಣ್ಣದು ಮಾಡಿಕೊಂಡವನು ನಾನು. ಅಂದಿನಿಂದ ಸರಾಸರಿಯ ಪಕ್ಕ ‘ಇಷ್ಟು ಜನರದ್ದು, ಇಷ್ಟು ಜನರನ್ನು ಬಿಟ್ಟಿದೆ’ ಎಂದು ಬರೆಯದೆ ಯಾವ ಫೈಲನ್ನೂ ಹೊರಗೆ ಬಿಡುವುದಿಲ್ಲ. ಆ ಮೂರನೆಯವರಿಗೆ 60 ವರ್ಷವೂ ಆಗಿರಬಹುದು ತಾನೆ?

ಇನ್ನು ‘ಖಾಲಿ ಇದ್ದಲ್ಲೆಲ್ಲ ಸೊನ್ನೆ ತುಂಬಿ’ ಎನ್ನುವ ವಿಡಿಯೊ ಪಂಡಿತರು. ತುಂಬಿ ನೋಡಿ: ಪಟ್ಟಿಯಲ್ಲಿ 65 ಕಿಲೊ ತೂಗುವ ಹಸುಗೂಸೊಂದು ಹುಟ್ಟಿ, ಸದ್ದಿಲ್ಲದೆ 40ರೊಳಗಿನವರ ಗುಂಪು ಸೇರಿಕೊಳ್ಳುತ್ತದೆ.

ಪ್ರಶ್ನೆ: ಪೈಥಾನ್ ಭಾಷೆಯ ದತ್ತಾಂಶ ಲೈಬ್ರರಿ ಪಾಂಡಾಸ್‌ನಲ್ಲಿ (pandas) ಒಂದು ಗುಂಪಿಗೆ ಮಾತ್ರ ಸ್ಟ್ಯಾಂಡರ್ಡ್ ಡೀವಿಯೇಷನ್ (ಅಂಕಿಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆ) ‘ನ್ಯಾನ್’ (NaN, ಸಂಖ್ಯೆಯಲ್ಲ) ಏಕೆ?

ಉತ್ತರ: ಆ ಗುಂಪಿನಲ್ಲಿ ಒಬ್ಬರೇ ಇರಬೇಕು. ಭಾಗಿಸಬೇಕಾದದ್ದು ಒಟ್ಟು ಸಂಖ್ಯೆಯಲ್ಲಿ ಒಂದು ಕಳೆದು. ಅಲ್ಲಿ ಉಳಿಯುವುದು ಸೊನ್ನೆ.

ಪ್ರಶ್ನೆ: ಪಾಂಡಾಸ್‌ನಲ್ಲೇ ಗ್ರೂಪ್‌ಬೈ (groupby, ಗುಂಪುವಾರು ವಿಂಗಡಣೆ) ಮಾಡಿದ ಮೇಲೆ ಗುಂಪುಗಳ ಮೊತ್ತ ಮೂಲ ಮೊತ್ತಕ್ಕೆ ತಾಳೆಯಾಗುತ್ತಿಲ್ಲ.

ಉತ್ತರ: ಗುಂಪಿನ ಹೆಸರೇ ಇಲ್ಲದ ಸಾಲುಗಳನ್ನು ಪಾಂಡಾಸ್ ಹೇಳದೆ ಕೇಳದೆ ಬಿಟ್ಟುಬಿಡುತ್ತದೆ. ಗ್ರೂಪ್‌ಬೈನಲ್ಲಿ ‘ಡ್ರಾಪ್‌ಎನ್‌ಎ’ (dropna) ಫಾಲ್ಸ್ ಮಾಡಿ. 1.1ಕ್ಕಿಂತ ಹಳೆಯ ಆವೃತ್ತಿಯಲ್ಲಿ ಈ ಸೌಲಭ್ಯವಿಲ್ಲ. ಇನ್ನೂ ಅದನ್ನೇ ಬಳಸುತ್ತಿದ್ದರೆ ಮೊದಲು ಅಪ್‌ಡೇಟ್ ಮಾಡಿಕೊಂಡು ಬನ್ನಿ.

ಪ್ರಶ್ನೆ: ಎಕ್ಸೆಲ್‌ನ ಆವರೇಜ್‌ಇಫ್ (AVERAGEIF, ಷರತ್ತಿಗೆ ಹೊಂದುವವುಗಳ ಸರಾಸರಿ) ‘ಸೊನ್ನೆಯಿಂದ ಭಾಗಾಕಾರ’ದ ದೋಷ ತೋರಿಸುತ್ತದೆ. ಹುಡುಕುವ ಹೆಸರು ಕಣ್ಣೆದುರೇ ಇದೆ!

ಉತ್ತರ: ಹೆಸರಿನ ಬಾಲದಲ್ಲಿ ಕಣ್ಣಿಗೆ ಕಾಣದ ಸ್ಪೇಸ್ ಇದೆಯೇ ನೋಡಿ, ಟ್ರಿಮ್ (TRIM) ಬಳಸಿ ಅದನ್ನು ಕತ್ತರಿಸಿ. ಆಮೇಲೂ ಬಗ್ಗದಿದ್ದರೆ ಅಂಕಿಗಳು ಪಠ್ಯವಾಗಿ ಕೂತಿವೆಯೇ ಎಂದು ನೋಡಿ.